ಬಾನೆಟ್ ಎತ್ತುವ ಹಕ್ಕು

ಪಿಕಪ್ ಗಾಡಿಗೆ 15 ವರ್ಷ ತುಂಬಿತೆಂದರೆ ಅದರ ಮಾಲೀಕನಿಗೆ ಸಲಹೆ ಕೊಡುವವರಿಗೆ ಬರವಿಲ್ಲ. ‘ಗುಜರಿಗೆ ಹಾಕಿ, ಹೊಸದು ತಗೊಳ್ಳಿ, ಲೋನ್ ಸಿಗುತ್ತೆ’ ಎನ್ನುವವರು ಒಂದು ಕಡೆ. ‘ಇಂಥ ಎಂಜಿನ್ ಈಗ ಬರೋದಿಲ್ಲ, ಮಾರಬೇಡಿ’ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಬಾನೆಟ್ ಎತ್ತಿ ನೋಡಿರುವುದಿಲ್ಲ. ಈ ಜಗಳದ ಅಡಿಯಲ್ಲಿ ಇನ್ನೊಂದು ಪ್ರಶ್ನೆಯಿದೆ: ಯಂತ್ರವೊಂದು ಇನ್ನೂ ದುಡಿಯಬಲ್ಲದೋ ಇಲ್ಲವೋ ಎಂದು ತೀರ್ಮಾನಿಸಬೇಕಾದವರು ಯಾರು? ಮಾರಿದ ಕಂಪನಿಯೇ, ಕ್ಯಾಲೆಂಡರೇ, ದಿನಾ ಓಡಿಸುವವನೇ? ಓಡಿಸುವವನೇ ಎಂಬುದು ನನ್ನ ಪಕ್ಷ. ಆದರೆ ಆ ಮಾತು ಪುಕ್ಕಟೆ ಸಿಗುವಂಥದ್ದಲ್ಲ. ಅವನು ಕೈಗೆ ಗ್ರೀಸು ಹತ್ತಿಸಿಕೊಳ್ಳಲು ತಯಾರಿರಬೇಕು.

ಮನೆಯಲ್ಲೇ ರಿಪೇರಿ ಮಾಡಿಕೊಂಡರೆ ದುಡ್ಡು ಉಳಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದು ಅಷ್ಟು ಗಟ್ಟಿ ಕಾರಣವಾಗಿ ಕಾಣುವುದಿಲ್ಲ. ಆಯಿಲ್ ಬದಲಿಸುವ ಕೂಲಿ ಉಳಿದೀತು. ಆದರೆ ಒಳ್ಳೆಯ ರಿಂಗ್ ಸ್ಪ್ಯಾನರ್ ಸೆಟ್ಟು, ಸಾಕೆಟ್ಟುಗಳು, ಜಾಕು, ಸ್ಟ್ಯಾಂಡು, ಗ್ರೀಸ್ ಗನ್ನು ಇವಕ್ಕೆಲ್ಲ ದುಡ್ಡು ಸುರಿಯಬೇಕು. ಟೊಮೆಟೊ ತುಂಬಿಕೊಂಡು ಕೋಲಾರದ ಮಾರುಕಟ್ಟೆಗೆ ಹೋಗಬೇಕಾದ ಗಾಡಿ ಅಂಗಳದಲ್ಲಿ ಬಿಚ್ಚಿಕೊಂಡು ಬಿದ್ದರೆ ಒಂದು ದಿನದ ಬಾಡಿಗೆಯೇ ಹೋಯಿತು. ಲಾಭ ನಷ್ಟವೊಂದೇ ಅಳತೆಯಾದರೆ ಗ್ಯಾರೇಜಿಗೆ ಬಿಡುವುದೇ ವಾಸಿ. ಮನೆಯ ರಿಪೇರಿಯಿಂದ ನಿಜವಾಗಿ ಸಿಗುವುದು ಗಾಡಿಯ ಒಳಗಿನ ಸ್ಥಿತಿಯ ಅರಿವು. ಅದಕ್ಕೆ ಬಿಲ್ ಹಾಕುವವರಿಲ್ಲ.

ಈ ಅರಿವು ಹೇಗೆ ಬರುತ್ತದೆ ಎನ್ನುವುದಕ್ಕೆ ಡೀಸೆಲ್ ಹರಿಯುವ ದಾರಿಯನ್ನೇ ನೋಡಬಹುದು. ಡೀಸೆಲ್ ಎಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ ಬೇಡ. ಒಳಗೆಳೆದ ಗಾಳಿಯನ್ನು ಪಿಸ್ಟನ್ ಸುಮಾರು 16ರಿಂದ 22 ಪಟ್ಟು ಅದುಮುತ್ತದೆ, ಗಾಳಿ 500 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯುತ್ತದೆ, ಆ ಕ್ಷಣಕ್ಕೆ ಸರಿಯಾಗಿ ನಾಜಲ್ ಡೀಸೆಲ್ ಎರಚಿದರೆ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಓಡಿಸಿ ತೋರಿಸಿದ್ದು ಇದನ್ನೇ. ಆದರೆ ಇಂಧನವನ್ನು ಸಿಲಿಂಡರಿನೊಳಕ್ಕೆ ತಳ್ಳಲು ಆಗ ಭಾರಿ ಕಂಪ್ರೆಸರ್ ಬೇಕಿತ್ತು. ಅದನ್ನು ಲಾರಿಯಲ್ಲಿ ಕೂರಿಸುವುದು ಆಗದ ಮಾತು. 1927ರಲ್ಲಿ ಬಾಷ್ ಕಂಪನಿ ಚಿಕ್ಕ ಇಂಜೆಕ್ಷನ್ ಪಂಪನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸತೊಡಗಿದ ಮೇಲೆ ಡೀಸೆಲ್ ಗಾಡಿಗಳು ರಸ್ತೆ ತುಂಬಿದವು. ನಮ್ಮ ಮೆಕ್ಯಾನಿಕ್‌ಗಳು ಈಗಲೂ ‘ಮೈಕೋ ಪಂಪ್’ ಎನ್ನುತ್ತಾರಲ್ಲ, ಆ ಮೈಕೋ 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೇರೂರಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಮೆಕ್ಯಾನಿಕ್‌ಗಳ ಬಾಯಲ್ಲಿ ಮಾತ್ರ ಹಳೆಯದೇ ನಿಂತಿದೆ.

ಇಂಥ ಮೆಕ್ಯಾನಿಕಲ್ ಪಂಪಿನ ಹಳೆಯ ಟಾಟಾ 207 ಆಗಲಿ ಮಹೀಂದ್ರ ಪಿಕಪ್ ಆಗಲಿ ದಾರಿಯಲ್ಲಿ ನಿಂತರೆ ಹಲವು ಸಲ ಕಾರಣ ತೀರಾ ಸಣ್ಣದು: ಡೀಸೆಲ್ ಲೈನಿನಲ್ಲಿ ಗಾಳಿ ಹಿಡಿದಿರುತ್ತದೆ. ಡೀಸೆಲ್ ಅದುಮಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪಂಪ್ ಎಷ್ಟು ತಳ್ಳಿದರೂ ಆ ಒತ್ತಡವನ್ನೆಲ್ಲ ಗಾಳಿಯೇ ನುಂಗಿಬಿಡುವುದರಿಂದ ನಾಜಲ್ ಬಾಯಿ ತೆರೆಯುವುದೇ ಇಲ್ಲ. ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲಿಸಿ ಹ್ಯಾಂಡ್ ಪ್ರೈಮರ್ ಒತ್ತುತ್ತಾ ಹೋದರೆ ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ, ಕೊನೆಗೆ ಅಪ್ಪಟ ಡೀಸೆಲ್. ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿಯಬೇಕು. ಇಷ್ಟಕ್ಕೇ ಗಾಡಿ ಎದ್ದರೆ ಸರಿ. ಆದರೆ ವಾರದಲ್ಲಿ ಮತ್ತೆ ಗಾಳಿ ಹಿಡಿಯಿತೆಂದರೆ ಎಲ್ಲೋ ಒಂದು ಕಾಪರ್ ವಾಷರ್ ಸವೆದಿದೆ, ಇಲ್ಲವೇ ಟ್ಯಾಂಕಿನಿಂದ ಬರುವ ಹೋಸ್ ಬಿರುಕು ಬಿಟ್ಟಿದೆ. ಗಾಳಿಯನ್ನು ತಾನೇ ತೆಗೆದವನಿಗೆ ಈ ಎರಡನೆಯ ಪ್ರಶ್ನೆ ಹೊಳೆಯುತ್ತದೆ. ಗ್ಯಾರೇಜಿನ ಹೊರಗೆ ಚಹಾ ಕುಡಿಯುತ್ತಾ ಕೂತವನಿಗೆ ‘ಪಂಪ್ ಹೋಗಿದೆ’ ಎಂಬ ಉತ್ತರವೇ ಸಾಕಾಗಿಬಿಡುತ್ತದೆ.

ಹೊಗೆಯನ್ನೂ ಹೀಗೆಯೇ ಓದಬಹುದು. ಕಪ್ಪಾಗಿದ್ದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಏರ್ ಫಿಲ್ಟರ್ ಕಟ್ಟಿರಬಹುದು, ನಾಜಲ್ ಸೋರುತ್ತಿರಬಹುದು. ನೀಲಿಯಾಗಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ, ಜೊತೆಗೆ ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ ಮೇಲೆ ಗುಮಾನಿ ಪಡಬೇಕು. ಐಡಲ್‌ನಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಬುಸಬುಸನೆ ಗಾಳಿ ಉಗುಳಿದರೆ ಬ್ಯಾಕ್ ಕಂಪ್ರೆಷನ್. ಪಿಸ್ಟನ್ ರಿಂಗು ಸವೆದಿವೆ, ಎಂಜಿನ್ ಇಳಿಸುವ ಕಾಲ ದೂರವಿಲ್ಲ. ಉಳಿದ ಮಾಮೂಲಿ ಕೆಲಸಗಳ ಪುರಾಣ ಇಲ್ಲಿ ಬೇಡ. ಗ್ರೀಸ್ ಹೊಡೆಯುವುದು, ಫ್ಯಾನ್ ಬೆಲ್ಟ್ ಬಿಗಿ ನೋಡುವುದು, ಡೀಸೆಲ್ ಫಿಲ್ಟರಿನ ತಳದಿಂದ ನೀರು ಇಳಿಸುವುದು ಯಾರಿಗಾದರೂ ಬರುತ್ತದೆ.

ಇದಕ್ಕೊಂದು ಆಕ್ಷೇಪ ಇದೆ, ತೂಕದ್ದೇ. ಕಾಯಿಲೆ ಬಂದರೆ ಡಾಕ್ಟರ ಹತ್ತಿರ ಹೋಗುತ್ತೇವೆಯೇ ಹೊರತು ನಾವೇ ಹೊಟ್ಟೆ ಕೊಯ್ದುಕೊಳ್ಳುತ್ತೇವೆಯೇ? ಯಾರ ಕಸುಬು ಅವರಿಗೆ. ಒಪ್ಪಿದೆ. ಇಂಜೆಕ್ಷನ್ ಪಂಪನ್ನು ಮನೆಯಲ್ಲಿ ಬಿಚ್ಚಲೇಬಾರದು. ಅದರ ಪ್ಲಂಜರಿಗೂ ಬ್ಯಾರೆಲ್ಲಿಗೂ ನಡುವೆ ಇರುವ ಸಂದು ಕೆಲವೇ ಮೈಕ್ರಾನ್. ಅಂಗಳದ ಒಂದು ಧೂಳಿನ ಕಣ ಸಾಕು ಅದನ್ನು ಕೆಡಿಸಲು. ನಾಜಲ್ ಒತ್ತಡ ಪರೀಕ್ಷಿಸುವುದಕ್ಕೆ ಟೆಸ್ಟ್ ಬೆಂಚ್ ಬೇಕು, ಕ್ರ್ಯಾಂಕ್ ಗ್ರೈಂಡಿಂಗಿಗೆ ವರ್ಕ್‌ಶಾಪೇ ಬೇಕು. ಜಾಕ್ ಒಂದನ್ನೇ ನಂಬಿ ಗಾಡಿಯ ಕೆಳಗೆ ನುಗ್ಗುವವನನ್ನು, ಎರಚುತ್ತಿರುವ ನಾಜಲ್ಲಿನ ಮುಂದೆ ಕೈ ಹಿಡಿದು ‘ಬರ್ತಾ ಇದೆಯಾ’ ಎಂದು ನೋಡುವವನನ್ನು ಧೈರ್ಯವಂತ ಎಂದು ಹೊಗಳುವುದು ಬೇಡ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಓಡಬೇಕಾದ ಗಾಯ ಅದು. ಆದರೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದೂ ಕೈ ಹಾಕಿದವನಿಗೇ. ‘ಫೀಡ್ ಪಂಪ್ ಸರಿ ಇದೆ, ಲೈನಿನಲ್ಲಿ ಗಾಳಿ ಇಲ್ಲ, ಎರಡನೇ ಸಿಲಿಂಡರ್ ಮಾತ್ರ ತಟ್ಟುತ್ತಿದೆ’ ಎಂದು ಹೇಳಬಲ್ಲ ಮಾಲೀಕನ ಹತ್ತಿರ ಒಳ್ಳೆಯ ಮೆಕ್ಯಾನಿಕ್ ಬೇರೆಯದೇ ದನಿಯಲ್ಲಿ ಮಾತಾಡುತ್ತಾನೆ. ಕೆಟ್ಟ ಮೆಕ್ಯಾನಿಕ್ ಹುಷಾರಾಗುತ್ತಾನೆ. ಎರಡೂ ಲಾಭವೇ.

ಈ ಮಾತುಕತೆಯನ್ನು ಕಠಿಣ ಮಾಡಿದ್ದು ಹೊಸ ಗಾಡಿಗಳು. ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್ 4 ನಿಯಮ 2017ರ ಏಪ್ರಿಲ್‌ನಿಂದ ದೇಶಕ್ಕೆಲ್ಲ ಬಂತು, 2020ರ ಏಪ್ರಿಲ್‌ನಿಂದ ಬಿಎಸ್ 6. ಇವಕ್ಕೆ ಒಗ್ಗುವ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಡೀಸೆಲ್ಲಿನ ಒತ್ತಡ 1,600 ಬಾರ್ ಮುಟ್ಟುತ್ತದೆ, ದಾಟುವುದೂ ಉಂಟು; ನಾಜಲ್ಲಿಗೆ ಅಪ್ಪಣೆ ಕೊಡುವುದು ಕಂಪ್ಯೂಟರ್. ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ, ಯಾಕೆಂದು ಸ್ಕ್ಯಾನರ್ ಇಲ್ಲದೆ ತಿಳಿಯದು. ಯಂತ್ರ ಜಟಿಲವಾಗಿದ್ದಕ್ಕೆ ನನ್ನ ತಕರಾರಿಲ್ಲ, ಹೊಗೆ ಕಡಿಮೆಯಾಗಲು ಅದು ಬೇಕಾಗಿತ್ತು. ತಕರಾರಿರುವುದು ಅದರ ಮಾಹಿತಿಗೆ ಬೀಗ ಹಾಕುವುದರ ಮೇಲೆ. ಬಿಡಿಭಾಗ ಮತ್ತು ರಿಪೇರಿ ಮಾಹಿತಿ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೀರಿದ ದಂಡ ಹಾಕಿತ್ತು. ವಿಷಯ ಮೇಲ್ಮನವಿಗೆ ಹೋಯಿತು, ಆ ಮಾತು ಬೇರೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ರಿಪೇರಿ ಹಕ್ಕಿ’ನ ಬಗ್ಗೆ ಸಮಿತಿ ಮಾಡಿ ಪೋರ್ಟಲ್ಲನ್ನೂ ತೆರೆಯಿತು. ಅದರ ವ್ಯಾಪ್ತಿಯಲ್ಲಿ ವಾಹನಗಳೂ ಕೃಷಿ ಯಂತ್ರಗಳೂ ಸೇರಿವೆ. ಅಮೆರಿಕದ ಕೊಲರಾಡೊ ರಾಜ್ಯ 2023ರಲ್ಲಿ ರೈತರಿಗಾಗಿ ಕಾನೂನನ್ನೇ ಮಾಡಿತು: ಕೃಷಿ ಯಂತ್ರ ಮಾಡಿದವರು ಅದರ ರಿಪೇರಿಗೆ ಬೇಕಾದ ಮಾಹಿತಿ, ಬಿಡಿಭಾಗ, ಸಾಫ್ಟ್‌ವೇರ್ ಎಲ್ಲವನ್ನೂ ಕೊಡಬೇಕು. ನಮ್ಮಲ್ಲಿ ಸದ್ಯಕ್ಕೆ ಪೋರ್ಟಲ್ ಇದೆ.

ಇಷ್ಟು ಹೇಳಿದವನು ಹಳೆಯ ಡೀಸೆಲ್ ಗಾಡಿಯ ವಕೀಲನಾಗಬೇಕೆಂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಎಷ್ಟೇ ಚೆನ್ನಾಗಿ ಟ್ಯಾಪೆಟ್ ಸೆಟ್ ಮಾಡಿದರೂ ಬಿಎಸ್ 3 ಪಿಕಪ್ ಬಿಎಸ್ 6 ಆಗದು. ದೆಹಲಿಯ ಸುತ್ತ 10 ವರ್ಷ ದಾಟಿದ ಡೀಸೆಲ್ ವಾಹನ ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿದ್ದಕ್ಕೂ ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನು ಎತ್ತಿಹಿಡಿದಿದ್ದಕ್ಕೂ ಆ ಊರಿನ ಗಾಳಿಯೇ ಕಾರಣ. ಆದರೆ ತೋಟದಿಂದ ಊರಿನ ಸೊಸೈಟಿಗೆ ಅಡಿಕೆ ಮೂಟೆ ಹೊತ್ತು, ವರ್ಷಕ್ಕೆ ಕೆಲವೇ ಸಾವಿರ ಕಿಲೋಮೀಟರ್ ಓಡುವ ಗಾಡಿಯನ್ನೂ ಕೇವಲ ಹುಟ್ಟಿದ ತಾರೀಖು ನೋಡಿ ಅಳೆದರೆ ಅದು ಸೋಮಾರಿ ಲೆಕ್ಕ. ಐದೇ ವರ್ಷದ್ದಾದರೂ ನಾಜಲ್ ಕೆಟ್ಟು ಕರಿ ಹೊಗೆ ಕಾರುತ್ತಾ ಓಡುವ ಗಾಡಿ ಈ ಲೆಕ್ಕದಲ್ಲಿ ಪಾಸಾಗುತ್ತದೆ. ಬಾಡಿಗೆ ಗಾಡಿಗಳಿಗೆ 8 ವರ್ಷದ ನಂತರ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕೆಂಬ ನಿಯಮ ಇದ್ದೇ ಇದೆ. ಆ ಎಫ್‌ಸಿಯನ್ನು ಗಾಡಿಯ ಸ್ಥಿತಿ ನಿಜವಾಗಿ ಅಳೆದು ಕೊಟ್ಟರೆ ಸಾಕು. ಎಫ್‌ಸಿ ದಿನಕ್ಕಷ್ಟೇ ಎರವಲು ಟೈರ್ ಹಾಕಿಕೊಂಡು ಹೋಗುವವರ ಕಥೆ ಆರ್‌ಟಿಒ ಮುಂದಿನ ಚಹಾದಂಗಡಿಯವರಿಗೆಲ್ಲ ಗೊತ್ತು.

ಮನೆಯಲ್ಲಿ ಕೆಲಸ ಮಾಡುವವರಿಗೂ ಜವಾಬ್ದಾರಿ ಇದೆ. ಇಳಿಸಿದ ಆಯಿಲನ್ನು ಚರಂಡಿಗೆ ಸುರಿಯುವವನಿಗೆ ಹಕ್ಕಿನ ಮಾತಾಡುವ ಮುಖವಿಲ್ಲ. ಸೆಂಟ್ರಿಂಗ್ ಹಲಗೆಗೆ ಬಳಿಯಲು ಕೇಳಿಕೊಂಡು ಬರುತ್ತಾರೆಂದು ಕೊಟ್ಟುಬಿಡುವುದೂ ನನಗೆ ಸರಿ ಕಾಣದು, ಮಳೆ ಬಂದರೆ ಅದೂ ಮಣ್ಣಿಗೇ ಸೇರುತ್ತದೆ. ಡಬ್ಬಿಯಲ್ಲಿ ಕೂಡಿಟ್ಟು, ಹಳೆ ಆಯಿಲ್ ಮರುಸಂಸ್ಕರಣೆಗೆ ಒಯ್ಯುವವರಿಗೆ ಕೊಡಬೇಕು.

ಇನ್ನೊಂದು ಅಡ್ಡಿಯನ್ನು ನಾವು ಬಾಯಿಬಿಟ್ಟು ಹೇಳುವುದಿಲ್ಲ. ಓದಿದವರು ಸ್ಪ್ಯಾನರ್ ಹಿಡಿದರೆ ಮರ್ಯಾದೆ ಕಡಿಮೆ ಎಂಬ ಭಾವನೆ ನಮ್ಮಲ್ಲಿ ಆಳವಾಗಿದೆ. ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಟ್ರೇಡ್ ಒಂದೇ ವರ್ಷದ್ದು. ಆದರೂ ಅಲ್ಲಿಗೆ ಮಗನನ್ನು ಸಂತೋಷದಿಂದ ಕಳಿಸುವ ಅಪ್ಪ ಅಪರೂಪ. ಶಬ್ದ ಕೇಳಿಯೇ ಟ್ಯಾಪೆಟ್ ಯಾವುದೆಂದು ಹೇಳುವ ಗ್ಯಾರೇಜಿನ ಹುಡುಗನನ್ನು ನಾವು ‘ಏ ಹುಡುಗಾ’ ಎಂದೇ ಕರೆಯುವುದು. ಅವನ ವಿದ್ಯೆ ಎಷ್ಟು ದೊಡ್ಡದೆಂದು ತಿಳಿಯಲಿಕ್ಕಾದರೂ ಮಾಲೀಕ ಒಂದೆರಡು ಬೋಲ್ಟು ಬಿಚ್ಚಿ ನೋಡಬೇಕು.

ಪಿಕಪ್ ಮಾಡುವ ಕಂಪನಿಗಳಲ್ಲಿ ಒಂದು ಕೇಳಿಕೆ. ಗಾಡಿಯ ಜೊತೆ ಕೊಡುವ ಪುಸ್ತಕದಲ್ಲಿ ‘ಅಧಿಕೃತ ಡೀಲರನ್ನು ಸಂಪರ್ಕಿಸಿ’ ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಟಾರ್ಕ್ ಅಳತೆ, ವೈರಿಂಗ್ ನಕ್ಷೆ, ಎರರ್ ಕೋಡುಗಳ ಅರ್ಥ ಎಲ್ಲ ಇರುವ ರಿಪೇರಿ ಪುಸ್ತಕವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಯಾರು ಬೇಕಾದರೂ ಕೊಳ್ಳುವಂತೆ ಮಾರಾಟಕ್ಕಿಡಿ. ಬೆಲೆ ಎಷ್ಟಾದರೂ ಇರಲಿ, ಕೊಳ್ಳುವವರಿದ್ದಾರೆ.