ಸಾಲದ ಕಂತು ಮೊದಲು, ಕಾಲೇಜು ಆಮೇಲೆ

ಪ್ಲಸ್ ಟು ಫಲಿತಾಂಶ ಬರುವುದೇ ತಡ, ಕೊಚ್ಚಿ, ಕೋಟ್ಟಯಂ ಕಡೆಯ ಮನೆಗಳಿಗೆ ಬೆಂಗಳೂರು, ಮಂಗಳೂರಿನ ನರ್ಸಿಂಗ್ ಕಾಲೇಜುಗಳ ಪರವಾಗಿ ಏಜೆಂಟರ ಫೋನು ಶುರುವಾಗುತ್ತದೆ. ಅವರ ಮಾತಿನಲ್ಲಿ ಎರಡು ಅಂಕಿಗಳು ತಪ್ಪುವುದಿಲ್ಲ: ಮೊದಲ ವರ್ಷ ಕಟ್ಟಬೇಕಾದ ಹಣ, ಮತ್ತು ಲಂಡನ್ನಿನಲ್ಲೋ ದುಬೈಯಲ್ಲೋ ನರ್ಸ್ ಎಣಿಸುವ ಸಂಬಳ. ಇವೆರಡರ ನಡುವೆ ಆರೇಳು ವರ್ಷಗಳಿವೆ. ಆ ವರ್ಷಗಳ ಲೆಕ್ಕವನ್ನು ಏಜೆಂಟ್ ಹೇಳುವುದಿಲ್ಲ, ಮನೆಯವರೂ ಕೇಳುವುದಿಲ್ಲ.

ಕೇಳಲೇಬೇಕಾದದ್ದು ಒಂದೇ. ಊರಲ್ಲೇ ಸಿಗುವ ಮೊದಲ ಸಂಬಳದಲ್ಲಿ ಸಾಲದ ಕಂತು ಕಟ್ಟಲು ಆಗುತ್ತದೆಯೇ? ಆಗುವುದಾದರೆ ಆ ಕಾಲೇಜು ಕೈಗೆಟುಕುತ್ತದೆ. ವಿದೇಶಕ್ಕೆ ಹೋದರೆ ಮಾತ್ರ ಆಗುತ್ತದೆ ಎಂದಾದರೆ, ಆ ಹುಡುಗಿ ಓದು ಶುರುಮಾಡುವ ಮೊದಲೇ ತನ್ನ ಆಯ್ಕೆಯನ್ನು ಬ್ಯಾಂಕಿಗೆ ಒತ್ತೆ ಇಟ್ಟಳೆಂದೇ ಅರ್ಥ.

ಒಂದು ಲೆಕ್ಕ ಹಾಕಿ ನೋಡೋಣ. ನಾಲ್ಕು ವರ್ಷದ ಬಿಎಸ್‌ಸಿ ನರ್ಸಿಂಗ್‌ಗೆ ವರ್ಷಕ್ಕೆ ಒಂದೂವರೆ ಲಕ್ಷದಂತೆ 6 ಲಕ್ಷ ರೂಪಾಯಿ ಸಾಲ, ಬಡ್ಡಿ ಶೇ 10.5 ಎಂದಿಟ್ಟುಕೊಳ್ಳಿ. ಓದುವ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ಕಂತು ಕಟ್ಟಬೇಕಿಲ್ಲ ಎಂಬುದು ಶಿಕ್ಷಣ ಸಾಲದ ಸಾಮಾನ್ಯ ಷರತ್ತು. ಆದರೆ ಬಡ್ಡಿಗೆ ರಜೆ ಇಲ್ಲ. ಸರಳ ಬಡ್ಡಿಯೇ ಆದರೂ ಆ ಐದು ವರ್ಷ ಮುಗಿಯುವಾಗ ಸಾಲ 8 ಲಕ್ಷದ 20 ಸಾವಿರ ದಾಟಿರುತ್ತದೆ. ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 11 ಸಾವಿರದ ಕಂತು. ವರ್ಷಕ್ಕೆ 50 ಸಾವಿರದಂತೆ ಒಟ್ಟು 2 ಲಕ್ಷವಷ್ಟೇ ಸಾಲ ಮಾಡಿದವಳ ಕಂತು 3,700 ರೂಪಾಯಿಯೊಳಗೆ. ಕುಟುಂಬದ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದರೆ ಓದಿನ ಕಾಲದ ಬಡ್ಡಿಯನ್ನು ಕೇಂದ್ರವೇ ಭರಿಸುವ ಯೋಜನೆ 2009ರಿಂದ ಇದೆ. ಅದು ಎಲ್ಲ ಕಾಲೇಜುಗಳಿಗೂ ಅನ್ವಯವಾಗುವುದಿಲ್ಲ. ಪ್ರವೇಶಕ್ಕೆ ಮೊದಲೇ ಬ್ಯಾಂಕಿನಲ್ಲಿ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಇನ್ನು ಸಂಬಳ. 2018ರ ಏಪ್ರಿಲ್‌ನಲ್ಲಿ ಯುನೈಟೆಡ್ ನರ್ಸಸ್ ಅಸೋಸಿಯೇಷನ್ ಚೇರ್ತಲದಿಂದ ತಿರುವನಂತಪುರಕ್ಕೆ ಕಾಲ್ನಡಿಗೆ ಹೊರಡಲು ಸಿದ್ಧವಾದಾಗ, ಹಿಂದಿನ ದಿನವೇ ಕೇರಳ ಸರ್ಕಾರ ಖಾಸಗಿ ಆಸ್ಪತ್ರೆಯ ನರ್ಸ್‌ಗೆ 20 ಸಾವಿರ ರೂಪಾಯಿ ಕನಿಷ್ಠ ಮೂಲವೇತನ ನಿಗದಿಪಡಿಸಿ ಅಧಿಸೂಚನೆ ಹೊರಡಿಸಿತು. ಅಷ್ಟು ಹೋರಾಟದ ಮೇಲೆ ಸಿಕ್ಕ ಆ ಮೊತ್ತದಲ್ಲೂ 6 ಲಕ್ಷ ಸಾಲ ಮಾಡಿದವಳ ಕಂತು ಅರ್ಧಕ್ಕಿಂತ ಹೆಚ್ಚನ್ನು ನುಂಗುತ್ತದೆ. ಉಳಿದದ್ದರಲ್ಲಿ ಹಾಸ್ಟೆಲ್ ಬಾಡಿಗೆ, ಊಟ, ಬಸ್ಸು. ಕರ್ನಾಟಕದ ಸಣ್ಣ ಆಸ್ಪತ್ರೆಗಳಲ್ಲಂತೂ ಹೊಸಬರ ಸಂಬಳ 20 ಸಾವಿರ ಮುಟ್ಟದಿರುವುದು ಅಪರೂಪವೇನಲ್ಲ.

ಇಲ್ಲಿ ಇನ್ನೊಂದು ತೊಡಕಿದೆ. ಗಲ್ಫಿನ ಬಹಳಷ್ಟು ಹುದ್ದೆಗಳಿಗೆ ಎರಡು ವರ್ಷದ ಅನುಭವ ಕೇಳುವುದು ವಾಡಿಕೆ. ಬ್ಯಾಂಕು ಕಾಯುವುದು ಒಂದೇ ವರ್ಷ. ಅಂದರೆ ವಿದೇಶದ ಸಂಬಳ ನಂಬಿ ಮಾಡಿದ ಸಾಲದ ಮೊದಲ ಕಂತುಗಳನ್ನು ಊರಿನ ಸಂಬಳದಲ್ಲೇ ಕಟ್ಟಬೇಕು. ಬ್ಯಾಂಕಿನ ಮಂಜೂರಾತಿ ಪತ್ರದಲ್ಲಿ ಎಲ್ಲೋ ಒಂದು ಸಾಲಿನಲ್ಲಿ ಮುಗಿಯುವ ಈ ವಿಷಯವೇ ಎಷ್ಟೋ ಅಪ್ಪಂದಿರನ್ನು ಬಂಗಾರದ ಸಾಲದ ಕೌಂಟರಿಗೆ ತಂದು ನಿಲ್ಲಿಸಿದೆ.

ಸಾಲದ ಒತ್ತಡ ಎಂಥದೆಂದು ತಿಳಿಯಲು 2014ರ ಜುಲೈ ನೆನೆದರೆ ಸಾಕು. ಇರಾಕಿನ ತಿಕ್ರಿತ್‌ನಲ್ಲಿ ಸಿಕ್ಕಿಬಿದ್ದಿದ್ದ 46 ನರ್ಸ್‌ಗಳನ್ನು ಹೊತ್ತ ವಿಮಾನ ಜುಲೈ 5ರಂದು ಕೊಚ್ಚಿಯಲ್ಲಿ ಇಳಿಯಿತು. ಅದಕ್ಕೆ ಮೊದಲು, ಸುತ್ತ ಗುಂಡು ಹಾರುತ್ತಿದ್ದಾಗಲೂ ಅವರಲ್ಲಿ ಹಲವರು ವಾಪಸು ಬರಲು ಹಿಂದೇಟು ಹಾಕಿದ್ದರು. ಬಾಕಿ ಸಂಬಳ ಬಂದಿರಲಿಲ್ಲ, ಊರಲ್ಲಿ ಓದಿನ ಸಾಲ ಹಾಗೇ ಇತ್ತು. ಮರುವರ್ಷ ಕೊಚ್ಚಿಯಲ್ಲೇ ಬಯಲಾದ ಕುವೈತ್ ನೇಮಕಾತಿ ಹಗರಣದಲ್ಲಿ, ನಿಯಮದಂತೆ 19,500 ರೂಪಾಯಿ ಸೇವಾಶುಲ್ಕ ಪಡೆಯಬೇಕಿದ್ದ ಏಜೆನ್ಸಿಯೊಂದು ಒಬ್ಬೊಬ್ಬರಿಂದ 19.5 ಲಕ್ಷ ವಸೂಲು ಮಾಡಿತೆಂದು ಸಿಬಿಐ ಪ್ರಕರಣ ದಾಖಲಿಸಿತು. ಅಷ್ಟು ಹಣ ಕೊಡಲು ಜನ ಒಪ್ಪಿದ್ದಾದರೂ ಏಕೆ? ಹಳೆಯ ಸಾಲ ತೀರಿಸಲು ಹೊಸ ಸಾಲವಲ್ಲದೆ ಬೇರೆ ದಾರಿ ಕಾಣದೆ. ಹಗರಣದ ಬಳಿಕ ಕುವೈತ್‌ನಂಥ ದೇಶಗಳಿಗೆ ನರ್ಸ್‌ಗಳ ನೇಮಕವನ್ನು ಕೇಂದ್ರ ಸರ್ಕಾರ ಕೇರಳದ ನೋರ್ಕಾ ರೂಟ್ಸ್, ಒಡೆಪೆಕ್‌ನಂಥ ಸರ್ಕಾರಿ ಸಂಸ್ಥೆಗಳ ಮೂಲಕವೇ ಆಗುವಂತೆ ಮಾಡಿತು. 2021ರ ಡಿಸೆಂಬರ್‌ನಲ್ಲಿ ನೋರ್ಕಾ ಜರ್ಮನಿಯೊಂದಿಗೆ ಮಾಡಿಕೊಂಡ ‘ಟ್ರಿಪಲ್ ವಿನ್’ ಒಪ್ಪಂದದಲ್ಲಿ ಜರ್ಮನ್ ಭಾಷಾ ತರಬೇತಿಗೂ ಅಭ್ಯರ್ಥಿ ಹಣ ಕೊಡಬೇಕಿಲ್ಲ. ಹೊರದೇಶಕ್ಕೆ ಹೋಗುವವರೆಲ್ಲ ಲಕ್ಷಗಟ್ಟಲೆ ಸುರಿಯಲೇಬೇಕು ಎಂಬ ನಂಬಿಕೆ ಏಜೆಂಟರು ಬೆಳೆಸಿದ್ದು.

ಹಾಗಾದರೆ ಹೆಚ್ಚು ಶುಲ್ಕ ಕೊಟ್ಟರೆ ಹೆಚ್ಚು ಒಳ್ಳೆಯ ಓದು ಸಿಗುವುದಿಲ್ಲವೇ? ಕೊಚ್ಚಿ ಬಳಿಯ ಕಳಮಶ್ಶೇರಿಯನ್ನೇ ನೋಡಿ. ಅಲ್ಲಿನ ವೈದ್ಯಕೀಯ ಕಾಲೇಜು ಸಹಕಾರಿ ರಂಗದ ಸ್ವಂತ ಹಣಕಾಸಿನ ಸಂಸ್ಥೆಯಾಗಿತ್ತು. 2013ರ ಕೊನೆಗೆ ಸರ್ಕಾರ ಅದನ್ನು ವಹಿಸಿಕೊಂಡಿತು. ವಾರ್ಡುಗಳು ಅವೇ, ಮಂಚಗಳು ಅವೇ. ಬದಲಾದದ್ದು ಒಡೆತನ, ಅದರ ಹಿಂದೆಯೇ ಶುಲ್ಕ. ಶುಲ್ಕದ ಅಂಕಿ ಯಾರು ನಡೆಸುತ್ತಾರೆಂಬುದನ್ನು ಹೇಳುತ್ತದೆ, ಹೇಗೆ ಕಲಿಸುತ್ತಾರೆಂಬುದನ್ನಲ್ಲ. ಕಲಿಕೆಯನ್ನು ಅಳೆಯಲು ಬೇರೆ ಅಳತೆಯಿದೆ: ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯೇ, ಅದರಲ್ಲಿ ನೂರು ಹಾಸಿಗೆಯಾದರೂ ಇವೆಯೇ, ಇದ್ದರೆ ರೋಗಿಗಳು ಬರುತ್ತಾರೆಯೇ? ಖಾಲಿ ವಾರ್ಡಿನಲ್ಲಿ ಮೂರು ವರ್ಷ ಓಡಾಡಿದವಳಿಗೆ ಐಸಿಯುನಲ್ಲಿ ಕೈ ನಡುಗುತ್ತದೆ. ಸ್ವಂತ ದೊಡ್ಡ ಆಸ್ಪತ್ರೆಯಿರುವ ಕಾಲೇಜಿಗೆ ಸ್ವಲ್ಪ ಹೆಚ್ಚು ಕೊಡುವುದು ದಂಡವಲ್ಲ. ಆದರೆ ಆ ‘ಸ್ವಲ್ಪ’ ಕಂತಿನ ಲೆಕ್ಕದೊಳಗೆ ನಿಲ್ಲಬೇಕು.

ಪದವಿಯೇ ಬೇಕೆಂಬ ಹಟವನ್ನೂ ತೂಗಿ ನೋಡಬೇಕು. ಅಮೆರಿಕದಲ್ಲಿ ಕಮ್ಯುನಿಟಿ ಕಾಲೇಜಿನ ಎರಡು ವರ್ಷದ ಕೋರ್ಸ್ ಮುಗಿಸಿದವರೂ ನಾಲ್ಕು ವರ್ಷದ ಪದವೀಧರರೂ ಬರೆಯುವುದು ಒಂದೇ ಎನ್‌ಕ್ಲೆಕ್ಸ್ ಪರೀಕ್ಷೆ. ನಮ್ಮಲ್ಲಿ ಜಿಎನ್‌ಎಂ ಡಿಪ್ಲೊಮಾ ಮೂರು ವರ್ಷದ್ದು, ಒಂದು ವರ್ಷ ಬೇಗ ಸಂಬಳಕ್ಕೆ ಹಚ್ಚುತ್ತದೆ. ಏಮ್ಸ್‌ನ ನರ್ಸಿಂಗ್ ಆಫೀಸರ್ ಹುದ್ದೆಯ ಆರಂಭಿಕ ಮೂಲವೇತನ 44,900 ರೂಪಾಯಿ. ಬಿಎಸ್‌ಸಿಯವರು ನೇರವಾಗಿ ಪರೀಕ್ಷೆ ಬರೆಯಬಹುದು, ಜಿಎನ್‌ಎಂನವರಿಗೆ ಎರಡು ವರ್ಷದ ಆಸ್ಪತ್ರೆ ಅನುಭವ ಬೇಕು. ಮುಂದೆ ಓದಿ ಬೋಧಕಿಯಾಗುವ ಆಸೆ ಇದ್ದವಳಿಗೆ ಬಿಎಸ್‌ಸಿಯೇ ಸರಿ. ಮನೆಯಲ್ಲಿ ತಂಗಿಯ ಓದೂ ಕಾದಿದ್ದರೆ ಜಿಎನ್‌ಎಂ ಸೋಲೇನೂ ಅಲ್ಲ.

ಈ ಲೆಕ್ಕ ಅತ್ಯಂತ ಸೂಕ್ಷ್ಮವಾಗುವುದು ಕಾಸರಗೋಡಿನ ಕನ್ನಡದ ಮನೆಗಳಲ್ಲಿ. ಮಂಜೇಶ್ವರದ ಹುಡುಗಿಗೆ ಮಂಗಳೂರು ಅರ್ಧ ಗಂಟೆಯ ರೈಲು ದಾರಿ, ಕಳಮಶ್ಶೇರಿ ಒಂದು ಹಗಲಿನ ಪ್ರಯಾಣ. ಆದರೆ ಕರ್ನಾಟಕ ಸರ್ಕಾರ ನಿಗದಿ ಮಾಡಿರುವ ನರ್ಸಿಂಗ್ ಶುಲ್ಕದಲ್ಲಿ ಸರ್ಕಾರಿ ಕೋಟಾದ ಸೀಟಿಗೆ ವರ್ಷಕ್ಕೆ 10 ಸಾವಿರ, ಮ್ಯಾನೇಜ್‌ಮೆಂಟ್ ಸೀಟಿಗೆ 1 ಲಕ್ಷ, ಹೊರರಾಜ್ಯದವರಿಗೆ 1 ಲಕ್ಷದ 40 ಸಾವಿರ. ಹತ್ತಿರದ ಊರೇ ದುಬಾರಿ. ಹಾಗೆಂದು ಆಕೆಗೆ ಬಾಗಿಲು ಒಂದೇ ಅಲ್ಲ: ತಿರುವನಂತಪುರದ ಎಲ್‌ಬಿಎಸ್ ಕೇಂದ್ರ ಹಂಚುವ ಕೇರಳದ ಸರ್ಕಾರಿ ಸೀಟುಗಳಿಗೆ ಅರ್ಜಿ ಹಾಕಬಹುದು, ಮಾತೃಭಾಷೆ ಕನ್ನಡವಾಗಿದ್ದರೆ, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಪ್ರವೇಶದಲ್ಲಿ ಗಡಿನಾಡ ಕನ್ನಡಿಗರಿಗೆಂದೇ ಇರುವ ಅರ್ಹತಾ ನಿಯಮದಡಿಯೂ ಪ್ರಯತ್ನಿಸಬಹುದು. ಎರಡಕ್ಕೂ ಕೊನೆಯ ದಿನಾಂಕಗಳು ಬೇರೆ ಬೇರೆ, ದಾಖಲೆಗಳೂ ಬೇರೆ ಬೇರೆ. ಏಜೆಂಟರ ಫೋನು ಬರುವ ಹೊತ್ತಿಗೆ ಈ ಎರಡೂ ಅರ್ಜಿಗಳು ಹೋಗಿರಬೇಕು.