ಸರ್ವರ್ ಇಲ್ಲದ ಲೋಕ

ವರ್ಚುವಲ್ ಲೋಕ ಅಂದ ಕೂಡಲೇ ನಮಗೆ ಕಣ್ಣಿಗೆ ಕಟ್ಟಿಕೊಳ್ಳುವ ಹೆಡ್‌ಸೆಟ್ ನೆನಪಾಗುತ್ತದೆ. ಆದರೆ ನನ್ನ ಪ್ರಕಾರ ಅಂಥ ಲೋಕ ಕಲೆಯಾಗುವುದು ಗ್ರಾಫಿಕ್ಸ್‌ನಿಂದ ಅಲ್ಲ, ಅದರಲ್ಲಿ ನಮ್ಮ ಪಾಲು ಎಷ್ಟು ಅನ್ನುವುದರಿಂದ.

ಹಂಪಿಯನ್ನೇ ವಸ್ತುವಾಗಿಟ್ಟುಕೊಂಡು ಸಾರಾ ಕೆಂಡರ್ಡೈನ್ ಮತ್ತು ಜೆಫ್ರಿ ಶಾ 2006ರಲ್ಲಿ 'ಪ್ಲೇಸ್-ಹಂಪಿ' ಎಂಬ ಡಿಜಿಟಲ್ ಕಲಾಕೃತಿ ಮಾಡಿದರು. ಸುತ್ತಲೂ ದುಂಡನೆಯ ಪರದೆ, ಕಣ್ಣಿಗೆ 3ಡಿ ಕನ್ನಡಕ. ನಡುವಿನ ವೇದಿಕೆ ತಿರುಗಿಸುತ್ತಾ ಹಂಪಿಯೊಳಗೆ ಅಡ್ಡಾಡಬಹುದು. ಅದ್ಭುತವೇ. ಆದರೆ ನೋಡುವವರು ಅದಕ್ಕೆ ಹೊಸದೇನನ್ನೂ ಸೇರಿಸಲಾಗದು.

2017ರ ಏಪ್ರಿಲ್‌ನಲ್ಲಿ ರೆಡ್ಡಿಟ್ ನಡೆಸಿದ 'ಪ್ಲೇಸ್' ಬೇರೆಯೇ ಕಥೆ. ಎಲ್ಲರಿಗೂ ಸೇರಿ 1000×1000 ಚುಕ್ಕಿಗಳ ಒಂದೇ ಹಲಗೆ. ಒಂದು ಚುಕ್ಕಿ ಇಟ್ಟರೆ ಮುಂದಿನದಕ್ಕೆ ಕೆಲವು ನಿಮಿಷ ಕಾಯಬೇಕು. ಒಬ್ಬರಿಂದ ಚಿತ್ರವಾಗದು, ಹಾಗಾಗಿ ಅಪರಿಚಿತರೊಂದಿಗೆ ಒಪ್ಪಂದ ಅನಿವಾರ್ಯ. 72 ಗಂಟೆಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಕೈಜೋಡಿಸಿದರು.

ಈಗ ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಕಡೆಗೆ ಬನ್ನಿ. ಇಲ್ಲಿನ ತಾಳಮದ್ದಳೆಯೂ ಇದೇ ಜಾತಿಯದ್ದಲ್ವಾ ಮಾರಾಯ್ರೆ? ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಮಾತಿನಲ್ಲಿ ಕಿಷ್ಕಿಂಧೆ ಕಟ್ಟುತ್ತಾರೆ. 'ವಾಲಿವಧೆ'ಯಲ್ಲಿ ವಾಲಿ ಸಾಯುವುದು ಖಚಿತ, ಅದು ಕೋಡ್ ಇದ್ದಂತೆ. ಆದರೆ ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನಿಗೆ ಇವತ್ತಿನ ವಾಲಿ ಏನು ಕೇಳುತ್ತಾನೆ? ರಾಮನ ಅರ್ಥ ಹೇಳುವವರಿಗೂ ಮೊದಲೇ ಗೊತ್ತಿರುವುದಿಲ್ಲ. ಎದುರಾಳಿಯನ್ನು ಸೋಲಿಸಬೇಕು, ಆದರೆ ಪ್ರಸಂಗ ಮುರಿಯಬಾರದು. ಶೇಣಿ ಗೋಪಾಲಕೃಷ್ಣ ಭಟ್ಟರನ್ನು ಜನ ಇಂದಿಗೂ ನೆನೆಯುವುದು ಇಂಥ ಮಾತುಗಾರಿಕೆಗೇ. ಉಳಿದ ಕಾಡು, ಬೆಟ್ಟ, ಬಾಣವನ್ನೆಲ್ಲ ಕಲ್ಪಿಸಿಕೊಳ್ಳುವ ಕೆಲಸ ಕೇಳುಗರದ್ದು.

ಕಂಪನಿಗಳ ಲೋಕಕ್ಕೆ ಒಂದು ಭಯ ಇದ್ದೇ ಇದೆ. ಮೈಕ್ರೋಸಾಫ್ಟ್ ತನ್ನ 'ಆಲ್ಟ್‌ಸ್ಪೇಸ್ ವಿಆರ್' ಅನ್ನು 2023ರ ಮಾರ್ಚ್ 10ರಂದು ಮುಚ್ಚಿತು. ಬಳಕೆದಾರರು ವರ್ಷಗಟ್ಟಲೆ ಸೇರುತ್ತಿದ್ದ ಜಾಗಗಳ ಬಾಗಿಲು ಒಂದೇ ದಿನ ಹಾಕಿತು. ತಾಳಮದ್ದಳೆಗೆ ಸರ್ವರ್ ಇಲ್ಲ, ಹಾಗಾಗಿ ಯಾರೂ ಆಫ್ ಮಾಡಲಾರರು. ಆದರೆ ಕೇಳುವವರು, ಎದುರು ಕೂತು ಉತ್ತರ ಕೊಡುವವರು ಇಲ್ಲದಿದ್ದರೆ ಅದು ತಾನಾಗಿಯೇ ನಿಲ್ಲುತ್ತದೆ. ಯೂಟ್ಯೂಬ್‌ನಲ್ಲಿ ಹಳೆಯ ಕೂಟಗಳು ಸಿಗುತ್ತವೆ, ಸರಿ. ಆದರೆ ರೆಕಾರ್ಡಿಂಗ್‌ನಲ್ಲಿರುವ ವಾಲಿ ಹೊಸ ಪ್ರಶ್ನೆ ಕೇಳುವುದಿಲ್ಲ.

ನಮ್ಮಂತೆ ಬೆಂಗಳೂರು ಸೇರಿದವರು ಊರಿಗೆ ಹೋದಾಗ ಒಂದು ಕೂಟದಲ್ಲಿ ಕೂರೋಣ. ಮಾತು ಬಲ್ಲ ತಮ್ಮನೋ ತಂಗಿಯೋ ಮನೆಯಲ್ಲಿದ್ದರೆ, ಒಂದು ಸಣ್ಣ ಪಾತ್ರದ ಅರ್ಥ ಹೇಳಲು ಕೂರಿಸೋಣ. ಈ ಲೋಕಕ್ಕೆ ಬೇಕಾದ ಹೊಸ ಯೂಸರ್‌ಗಳು ಅವರೇ.