ಗಾಯ ಮಾಯುವದು, ಕಾಗದವಿಲ್ಲದ ಹಕ್ಕು ಮರಳದು

ಕಬ್ಬಿನ ಹಂಗಾಮು ಆರಂಭವಾಯಿತೆಂದರೆ ಸೋಲಾಪುರ, ಅಕ್ಕಲಕೋಟೆಗಳ ದಾರಿಗಳಲ್ಲಿ ಹಿಂದೀಪವಿಲ್ಲದ ಟ್ರಾಲಿಗಳ ಸಾಲು ನಿಲ್ಲುವದು. ಹೊಲದಲ್ಲಿ ರಾಶಿಯ ಯಂತ್ರ, ಬಾವಿಯಲ್ಲಿ ಕರೆಂಟಿನ ಮೋಟಾರು, ಬದುವಿನಲ್ಲಿ ಹಾವು, ಮುಂಗಾರಿನಲ್ಲಿ ಸಿಡಿಲು. ಒಕ್ಕಲುತನದಷ್ಟು ಅಪಾಯದ ಕೆಲಸ ಮತ್ತೊಂದಿಲ್ಲವೆಂದರೂ ನಡೆದೀತು. ಕೈಕಾಲು ಹೋದವನಿಗೆ, ಯಜಮಾನನನ್ನು ಕಳಕೊಂಡ ಮನೆಗೆ ಸರಕಾರದಿಂದಲೂ ವಿಮೆಯಿಂದಲೂ ಸಿಗುವ ಹಣವುಂಟು. ಆದರೆ ನಮ್ಮ ಜನರಲ್ಲಿ ಎಷ್ಟೋ ಮಂದಿಗೆ ಅದು ಕೈಗೆ ಬರುವದಿಲ್ಲ. ಹಕ್ಕು ಇಲ್ಲದ್ದಕ್ಕಲ್ಲ, ಕಾಗದ ಇಲ್ಲದ್ದಕ್ಕೆ.

ಮೊದಲು ಒಂದು ಕೆಟ್ಟ ರೂಢಿಯ ಮಾತು. ವಾಹನ ಬಡಿದು ಕಾಲು ಮುರಿಯಿತೆನ್ನಿ. ಊರ ಹಿರಿಯರು ಕೂಡಿ, ವಾಹನದವನಿಂದ ಹತ್ತೋ ಇಪ್ಪತ್ತೋ ಸಾವಿರ ಕೊಡಿಸಿ, "ಠಾಣೆಯ ಗೊಡವೆ ಬೇಡ" ಎಂದು ಮುಗಿಸಿಬಿಡುವರು. ಇದು ದಯೆಯಂತೆ ಕಂಡರೂ ಗಾಯಾಳುವಿನ ಕೊರಳು ಕೊಯ್ಯುವ ಕೆಲಸವೆಂದು ನಮ್ಮ ಸ್ಪಷ್ಟ ಅಭಿಪ್ರಾಯ. ಎರಡನೆಯ ಶಸ್ತ್ರಕ್ರಿಯೆಗೆ ಆ ಹಣ ಸಾಲದು. ಆಗ ಕೋರ್ಟಿಗೆ ಹೋಗೋಣವೆಂದರೆ ಫಿರ್ಯಾದಿ ಇಲ್ಲ, ಪಂಚನಾಮೆ ಇಲ್ಲ, ವಾಹನದ ನಂಬರು ಕೂಡ ಯಾರಿಗೂ ನೆನಪಿಲ್ಲ. ವಾಹನಕ್ಕೆ ಮೂರನೆಯವರ ವಿಮೆ ಇರಲೇಬೇಕೆಂಬುದು 1988ರ ಮೋಟಾರು ವಾಹನ ಕಾಯ್ದೆಯ ಕಟ್ಟಳೆ. ವಿಮೆ ಸರಿಯಾಗಿದ್ದರೆ ನುಕಸಾನ ಭರಿಸುವದು ವಿಮಾ ಕಂಪನಿ. ಆದ್ದರಿಂದ ಫಿರ್ಯಾದಿ ಕೊಟ್ಟರೆ ನೆರೆಯವನ ಮನೆ ಮುರಿಯುವದೆಂಬ ಅಂಜಿಕೆ ಬಹುಮಟ್ಟಿಗೆ ಹುಸಿ.

ಗಡಿಯ ಆಚೆ ಅಪಘಾತವಾದರೆ ಏನು ಎಂದು ಕೇಳುವವರುಂಟು. ನಮ್ಮ ಜನ ಬೀಗರ ಮನೆಗೆ, ಸಂತೆಗೆ, ದವಾಖಾನೆಗೆಂದು ವಿಜಾಪುರ, ಕಲಬುರ್ಗಿಗಳಿಗೆ ದಿನವೂ ಹೋಗಿ ಬರುವವರು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಂತೆ ಹದ್ದು ತಮ್ಮದಲ್ಲವೆಂದು ಪೋಲೀಸ ಠಾಣೆಯವರು ಫಿರ್ಯಾದಿಯನ್ನು ನಿರಾಕರಿಸುವಂತಿಲ್ಲ. ಅದರ ಪ್ರತಿಯನ್ನು ಫಿರ್ಯಾದಿ ಕೊಟ್ಟವನಿಗೆ ಪುಕ್ಕಟೆ ಕೊಡಬೇಕು. ಪರಿಹಾರದ ಅರ್ಜಿಯನ್ನು ಅಪಘಾತವಾದ ಕಡೆಯಲ್ಲಿಯೇ ಹಾಕಬೇಕೆಂದೂ ಇಲ್ಲ. ಅರ್ಜಿದಾರ ವಾಸಿಸುವ ಕಡೆಯ ನ್ಯಾಯಮಂಡಳಿಯಲ್ಲಿ, ಅಂದರೆ ನಮ್ಮವರು ಸೋಲಾಪುರದಲ್ಲಿಯೇ, ಹಾಕಬಹುದು. ಅಪಘಾತವಾದ 6 ತಿಂಗಳೊಳಗೆ ಅರ್ಜಿ ಬರಬೇಕೆಂಬ ಮಾತು 2022ರ ಏಪ್ರಿಲ್ 1ರಿಂದ ಕಾಯ್ದೆಯಲ್ಲಿ ಸೇರಿದೆ. ಇದರ ಮೇಲೆ ವಾದವೆದ್ದು, ತಡವೆಂಬ ಕಾರಣಕ್ಕೆ ಅರ್ಜಿಗಳನ್ನು ತಳ್ಳಬಾರದೆಂದು ಸುಪ್ರೀಂ ಕೋರ್ಟು 2025ರ ನವೆಂಬರಿನಲ್ಲಿ ಮಧ್ಯಂತರ ಆಜ್ಞೆ ಮಾಡಿತು. ಆದರೂ ಆರು ತಿಂಗಳನ್ನೇ ಗಡುವೆಂದು ತಿಳಿದು ನಡೆಯುವದು ಲೇಸು. ಬಡಿದ ವಾಹನ ಓಡಿಹೋಗಿ ಗುರುತೇ ಸಿಗದಿದ್ದರೂ ಕೈಚೆಲ್ಲಬೇಕಾಗಿಲ್ಲ. ಅದೇ ದಿನಾಂಕದಿಂದ ಅಂಥ ಅಪಘಾತದಲ್ಲಿ ಮರಣಕ್ಕೆ 2 ಲಕ್ಷ, ಭಾರಿ ಗಾಯಕ್ಕೆ 50 ಸಾವಿರ ರೂಪಾಯಿ ಗೊತ್ತು ಮಾಡಲಾಗಿದೆ.

ಇನ್ನು ಮಹಾರಾಷ್ಟ್ರ ಸರಕಾರದ ಗೋಪೀನಾಥ ಮುಂಡೆ ಶೇತಕರಿ ಅಪಘಾತ ಸುರಕ್ಷಾ ಸಾನುಗ್ರಹ ಅನುದಾನ ಯೋಜನೆ. ಮೊದಲು ಇದು ವಿಮೆಯಾಗಿತ್ತು. 2023ರಿಂದ ಸರಕಾರವೇ ನೇರವಾಗಿ ಹಣ ಕೊಡುವ ಏರ್ಪಾಡಾಗಿದೆ. ಖಾತೆದಾರ ರೈತನಿಗೂ, ಖಾತೆಯಲ್ಲಿ ಹೆಸರಿಲ್ಲದ ಅವನ ಮನೆಯ ಒಬ್ಬರಿಗೂ, 10ರಿಂದ 75 ವರ್ಷ ವಯಸ್ಸಿನವರಾದರೆ ಇದು ಅನ್ವಯಿಸುವದು. ಮರಣಕ್ಕೆ, ಇಲ್ಲವೆ ಎರಡು ಕಣ್ಣು ಅಥವಾ ಎರಡು ಅವಯವ ಹೋದರೆ 2 ಲಕ್ಷ, ಒಂದು ಕಣ್ಣು ಅಥವಾ ಒಂದು ಅವಯವ ಹೋದರೆ 1 ಲಕ್ಷ. ಅರ್ಜಿಯನ್ನು 30 ದಿನಗಳೊಳಗೆ ತಾಲೂಕು ಕೃಷಿ ಅಧಿಕಾರಿಗೆ ಮುಟ್ಟಿಸಬೇಕು. ಸಾತಬಾರಾ ಉತಾರೆ, ವಯಸ್ಸಿನ ದಾಖಲೆ, ಫಿರ್ಯಾದಿ ಅಥವಾ ಸ್ಥಳ ಪಂಚನಾಮೆ ಅಥವಾ ಪೋಲೀಸ ಪಾಟೀಲರ ವರದಿ ಬೇಕು. ಮರಣವಾದರೆ ಮರಣ ದಾಖಲೆ, ಶವಪರೀಕ್ಷೆಯ ವರದಿ ಮತ್ತು ತಲಾಠಿ ಕಚೇರಿಯ 6-ಕ ನಮೂನೆಯ ವಾರಸಾ ನೋಂದು ಬೇಕು. ತಾನೇ ವಾಹನ ನಡೆಸುತ್ತಿದ್ದರೆ ಲೈಸನ್ಸು ಬೇಕು. ಹಾವು ಕಡಿದು ಸತ್ತವನನ್ನು ಯಾರಿಗೂ ತಿಳಿಸದೆ ಅಂದೇ ಮಣ್ಣು ಮಾಡಿದರೆ, ಆಮೇಲೆ ಹಾವೇ ಕಡಿಯಿತೆಂದು ಸಾಧಿಸುವದು ಬಲು ಕಷ್ಟ. ದುಃಖದ ಹೊತ್ತಿನಲ್ಲಿಯೂ ಒಬ್ಬ ಬಂಧು ಪೋಲೀಸ ಪಾಟೀಲರಿಗೆ ತಿಳಿಸಿ ಬರಲೇಬೇಕು.

ಗಾಯಾಳುವಿನ ಕಾಗದಗಳಲ್ಲಿ ಮೊದಲ ದವಾಖಾನೆಯ ಮೊದಲ ಚೀಟಿಯೇ ಮುಖ್ಯ. ಅಲ್ಲಿ "ಬಿದ್ದು ಗಾಯ" ಎಂದಷ್ಟೇ ಬರೆಸಿ, ಮುಂದೆ "ಟ್ರ್ಯಾಕ್ಟರು ಬಡಿಯಿತು" ಎಂದರೆ ವಿಮೆಯವರು ಅದನ್ನೇ ಹಿಡಿಯುವರು. ಹೇಗಾಯಿತೋ ಹಾಗೆಯೇ, ಆ ಹೊತ್ತಿಗೇ ಬರೆಸಬೇಕು. ಬಳಿಕ ಬಿಡುಗಡೆಯ ಚೀಟಿ, ಎಕ್ಸ್‌ರೇ, ಔಷಧದ ಪ್ರತಿಯೊಂದು ಬಿಲ್ಲು, ಅಂಗವಿಕಲತೆಯ ದಾಖಲೆ. ಒಕ್ಕಲಿಗನಿಗೆ ಪಗಾರದ ಚೀಟಿ ಎಲ್ಲಿಯದು ಎನ್ನಬಹುದು. ಸೋಲಾಪುರ ಮಾರ್ಕೆಟ್ಟಿನ ಉಳ್ಳಾಗಡ್ಡಿ ಪಟ್ಟಿ, ಕಾರಖಾನೆಯ ಕಬ್ಬಿನ ಪಾವತಿ, ಡೇರಿಯ ಹಾಲಿನ ಪುಸ್ತಕ, ಇವೇ ನಮ್ಮ ಪಗಾರದ ಚೀಟಿಗಳು. ಕರ್ನಾಟಕದ ಒಬ್ಬ ತರಕಾರಿ ಮಾರುವವನು ಕಾಲು ಕಳಕೊಂಡ ಪ್ರಕರಣದಲ್ಲಿ, ಅಂಥವನಿಂದ ಆದಾಯದ ಪುರಾವೆ ಬೇಡುವದು ಸಲ್ಲದೆಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿ, ತಿಂಗಳಿಗೆ 6,500 ರೂಪಾಯಿ ಆದಾಯವೆಂದು ತಾನೇ ಹಿಡಿಯಿತು. ಕಾಗದವಿಲ್ಲದವನಿಗೂ ದಾರಿಯಿದೆಯೆಂಬುದು ನಿಜ. ಆದರೆ ಅವನು ದಿಲ್ಲಿಯವರೆಗೆ ಹೋಗಬೇಕಾಯಿತೆಂಬುದೂ ನಿಜ.

ಈಗ ನಮ್ಮ ಗಡಿಯವರಿಗೇ ಇರುವ ತೊಡಕು. ಕನ್ನಡ ಶಾಲೆಯ ದಾಖಲೆಯಲ್ಲಿ "ಶಿವಲಿಂಗಪ್ಪ", ಸಾತಬಾರಾದಲ್ಲಿ "ಶಿವಲಿಂಗ", ಆಧಾರದಲ್ಲಿ ಮೂರನೆಯದೇ ಒಂದು ರೂಪ. ಒಂದೆಡೆ ಮನೆತನದ ಹೆಸರು, ಮತ್ತೊಂದೆಡೆ ಊರ ಹೆಸರು. ಬದುಕಿರುವವನು ನಿಂತು "ಮೂರೂ ನಾನೇ" ಎನ್ನಬಹುದು. ಸತ್ತವನ ಹೆಂಡತಿ ಹೇಗೆ ಹೇಳಬೇಕು? ಬೆಂಕಿ ಬಿದ್ದಾಗ ಬಾವಿ ತೋಡುವ ಈ ಕೆಲಸಕ್ಕೆ 30 ದಿನ ಎಲ್ಲಿ ಸಾಕಾಗುವವು? ಮಧ್ಯಸ್ಥರು ಪಾಲು ಕೇಳುವದು ಇಂಥ ಹೊತ್ತಿನಲ್ಲಿಯೇ.

ಆದ್ದರಿಂದ ಮೂರು ಮಾತು ಹೇಳುವೆವು. ಒಂದು, ಅಧಿಕಾರಿಗಳಿಗೆ. ದೇಶದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ಕಲಮು ಕೊಟ್ಟಿದೆ. ಅಕ್ಕಲಕೋಟೆ, ದಕ್ಷಿಣ ಸೋಲಾಪುರ ತಾಲೂಕುಗಳ ಕೃಷಿ ಕಚೇರಿಗಳು ಈ ಯೋಜನೆಯ ಅರ್ಜಿಯನ್ನೂ ಕಾಗದಗಳ ಯಾದಿಯನ್ನೂ ಕನ್ನಡದಲ್ಲಿ ಒದಗಿಸಬೇಕು. ಗಡಿಯ ವಾದ ಅದರ ಪಾಡಿಗೆ ನಡೆಯಲಿ. ಕಾಲು ಮುರಿದವನು ಆ ವಾದ ತೀರುವವರೆಗೆ ಕಾಯಲಾರ. ಎರಡು, ನಮ್ಮ ಶಿಕ್ಷಕ ಬಂಧುಗಳಿಗೆ. ಕೋರ್ಟಿನಲ್ಲಿ ಮರಾಠಿ ಇಲ್ಲವೆ ಇಂಗ್ಲಿಷು ನಡೆಯುವದು. ಆಚೆಯ ಠಾಣೆ, ದವಾಖಾನೆಗಳ ಕನ್ನಡ ಕಾಗದಗಳ ಅರ್ಥವನ್ನು ಮರಾಠಿಯಲ್ಲಿ ಬಿಡಿಸಿ ಬರೆದು ಕೊಡುವದು ಎರಡೂ ಬಲ್ಲ ನಮ್ಮಂಥವರಿಗೆ ಒಂದು ಸಂಜೆಯ ಕೆಲಸ. ಅದಕ್ಕೆ ಹಣ ತೆಗೆದುಕೊಳ್ಳಬಾರದು. ಮಕ್ಕಳ ಹೆಸರು ದಾಖಲಿಸುವಾಗಲೇ ತಂದೆಯ ಉತಾರೆಯನ್ನು ತರಿಸಿ ನೋಡಿ, ಹೆಸರು ತಾಳೆಯಾಗುವಂತೆ ಬರೆಯಬೇಕು.

ಮೂರು, ಒಕ್ಕಲಿಗರಿಗೆ. ಬದುಕಿರುವಾಗಲೇ ಅಪಘಾತದ ಕಾಗದ ಕೂಡಿಸುವದು ಅಪಶಕುನವೆಂದು ಅನ್ನಬೇಡಿರಿ. ಮಳೆಗೆ ಮೊದಲೇ ಬೀಜ ತಂದಿಡುವದು ಅಪಶಕುನವೇ? ಎಳ್ಳಮಾವಾಸ್ಯೆಗೆ ಚರಗ ಚೆಲ್ಲುವ ಮುನ್ನ ಮನೆಯ ಕಾಗದಗಳನ್ನೆಲ್ಲ ಹಾಸಿಗೆಯ ಮೇಲೆ ಹರವಿ, ಉತಾರೆ, ಆಧಾರ, ಶಾಲೆಯ ದಾಖಲೆ, ಬ್ಯಾಂಕಿನ ಪುಸ್ತಕ, ಲೈಸನ್ಸು, ಟ್ರ್ಯಾಕ್ಟರಿನ ವಿಮೆ ಇವುಗಳಲ್ಲಿಯ ಹೆಸರುಗಳನ್ನು ಒಂದಕ್ಕೊಂದು ಹಚ್ಚಿ ನೋಡಿರಿ. ವ್ಯತ್ಯಾಸವಿದ್ದಲ್ಲಿ ಈಗಲೇ ತಿದ್ದಿಸಿರಿ. ಎಲ್ಲವನ್ನೂ ಒಂದು ಚೀಲದಲ್ಲಿ ಕಟ್ಟಿಟ್ಟು, ಆ ಚೀಲ ಎಲ್ಲಿದೆಯೆಂಬುದನ್ನು ಮನೆಯಾಕೆಗೆ ಹೇಳಿರಿ. ಅದು ಬೇಕಾಗುವ ದಿನ ಹುಡುಕಬೇಕಾದವಳು ಅವಳು.